ಬೆಳೆಯುವ ಕಾಲಿಗೆ ಹಿಮದ ಬೂಟು

ಅಮ್ಮನಿಗೆ, ದುಬೈಯಿಂದ.

ಇಲ್ಲಿ ಮಾಲಿನೊಳಗೇ ಹಿಮದ ಗುಡ್ಡವಿದೆ. ಜಾರಲು ಬರುವವರಿಗೆ ಸ್ಕೀ ಹಲಗೆ, ಬೂಟುಗಳನ್ನು ಅಳತೆ ನೋಡಿ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಹಲಗೆ ಗದ್ದದವರೆಗೆ ಬರಬೇಕು. ಬೂಟು ಬಿಗಿಯಾಗಿರಬೇಕು, ಸಡಿಲವಾದರೆ ಕಾಲು ಮುರಿದೀತು.

‘ಆಫೀಸ್ ಕೆಲಸ’ ಎಂದು ನನ್ನನ್ನು ಕರೆಸಿಕೊಂಡ ನಿನ್ನ ತಮ್ಮ ನಿನ್ನೆ ಮಗಳೊಂದಿಗೆ ಬಂದಿದ್ದರು. “ಒಂದು ಸೈಜ್ ದೊಡ್ಡದು ಕೊಡು ಮಾರಾಯ, ಬೆಳೆಯುವ ಕಾಲಲ್ವಾ!” ಒಂದು ಗಂಟೆಯ ಬಾಡಿಗೆ ಬೂಟಿಗೂ ಊರಿನದೇ ಬುದ್ಧಿ. ನಾನು ಮೊಣಕಾಲೂರಿ ಬಿಗಿಯಾದದ್ದನ್ನೇ ತೊಡಿಸಿದೆ.

“ಪಪ್ಪಾ, ಹೂ ಈಸ್ ಹಿ?” ಎಂದಳು ಹುಡುಗಿ.

“ಸ್ಟಾಫ್,” ಎಂದರು ಮಾವ.

ಮೊಣಕಾಲು ನೋವಿಗೆ ಎಣ್ಣೆ ಕಳುಹಿಸು. ಮಾವ ಬರುವ ವಾರ ಊರಿಗೆ ಬರುತ್ತಾರಂತೆ. ಅವರ ಕೈಯಲ್ಲಿ ಮಾತ್ರ ಬೇಡ.

ಯತೀಶ