ಒಂಬತ್ತು ವರ್ಷ ಸಿಗದ ಮೀನು

ಫೆಬ್ರವರಿ 9, ಸೋಮವಾರ

ಮಧ್ಯಾಹ್ನ ಸಂಪಾದಕ ಕುರಮೋಚಿ ಫೋನ್ ಮಾಡಿದರು. ‘ಮುಂದಿನ ಸಂಚಿಕೆಗೆ ನಮ್ಮ ಪತ್ರಿಕೆ ಮುಗೀತು ಕಣಮ್ಮ. ನಿನ್ನ ಮೀನು ಹಿಡಿದುಬಿಡು.’

ಮೀನಿಗೆ ಗಾಳ ಹಾಕುವವರ ಕಾಮಿಕ್ಸ್ ಬಿಟ್ಟು ಬೇರೇನೂ ಹಾಕದ ಪತ್ರಿಕೆ. ಒಂದು ಕಾಲಕ್ಕೆ ಟೋಕಿಯೋದ ಪ್ರತಿ ರೈಲು ನಿಲ್ದಾಣದಲ್ಲೂ ದಿಂಬಿನಷ್ಟು ದಪ್ಪಗೆ ಸಿಗುತ್ತಿತ್ತು. ಈಗ ಎಷ್ಟು ತೆಳುವೆಂದರೆ, ಸುತ್ತಿ ನೊಣ ಹೊಡೆಯಬಹುದು. ಆಗ ಓದುಗರು ಕಾರ್ಡು ಬರೆದು ಮೆಚ್ಚಿದರೆಂದು ಕುರಮೋಚಿ ನಾನು ಬರೆಯುವ ಧಾರಾವಾಹಿ ಕಾಮಿಕ್ಸ್ ಮುಗಿಸಲು ಬಿಡಲಿಲ್ಲ. ಆಮೇಲೆ ಉಳಿದ ಓದುಗರೂ ಹೋದಾರೆಂದು ಬಿಡಲಿಲ್ಲ. ಕಥೆಯ ಕೊನೆಗೆ ಗಾಳಕ್ಕೆ ಸಿಗಬೇಕಾದ ಮೀನು ಒಂಬತ್ತು ವರ್ಷ ನೀರೊಳಗಿನ ಬರೀ ನೆರಳು.

ಇನ್ನು ಮುಂದೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಯಾರು ಕೆಲಸ ಕೊಟ್ಟಾರು? ಆ ಭಯ ಇದ್ದೇ ಇದೆ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟು ಖುಷಿ! ಆ ಮೀನಿನ ಮುಖ ಬರೆಯುವ ನಾನೂ ನೋಡಿಲ್ಲವಲ್ಲ.

ನನ್ನ ಚಿತ್ರಗಳಿಗೆ ಕಪ್ಪು ತುಂಬುವ ತಂಗಿ ಚಿಯೊ ನಕ್ಕಳು: ‘ಇಷ್ಟು ವರ್ಷ ನೀರಲ್ಲಿ ನೆಂದು ಸುಕ್ಕುಗಟ್ಟಿರತ್ತೆ ಅಕ್ಕಾ, ನಿನ್ ಥರಾನೇ!’

‘ಬಾಯ್ಮುಚ್ಚೇ, ಮಸಿ ಕೊಡು.’

ಹಾಳೆಯಲ್ಲಿ ಗಾಳ ಮೇಲಕ್ಕೆಳೆದೆ. ಮೊದಲು ಕಣ್ಣು ಬಂತು, ದೊಡ್ಡದು, ಒಂಚೂರೂ ಹೆದರದ್ದು. ಹೆದರಿದವಳು ನಾನೇ. ಇನ್ನು ಬಾಯಿ ಬರೆಯಬೇಕು. ಕಣ್ಣಿನ ಮಸಿ ಆರಲೆಂದು ಇದನ್ನು ಗೀಚುತ್ತಾ ಕೂತಿದ್ದೇನೆ. ಆರಿತೇನೋ, ನೋಡಿ ಬಾಯಿ ಬರೆಯುತ್ತೇನೆ.