ಎದೆಯ ನೀರು

ಶುಕ್ರವಾರ, ಜೂನ್ 14. ಬಟ್ಟಂಬಾಂಗ್, ಕಾಂಬೋಡಿಯಾ.

ನಾಳೆ ಮನಶ್ಶಾಸ್ತ್ರದ ಪರೀಕ್ಷೆ. ಖಿನ್ನತೆಗೆ ಕಾರಣಗಳು ಬಾಯಿಪಾಠವಾಗಿವೆ: ವಂಶ, ಅಗಲಿಕೆ, ಒಂಟಿತನ, ಮಿದುಳಿನ ರಾಸಾಯನಿಕಗಳು. ಯಾವುದಕ್ಕೆ ಎಷ್ಟು ಪುರಾವೆ ಇದೆ ಎಂಬುದೂ ಗೊತ್ತು.

ನಾಲ್ಕು ತಿಂಗಳ ಬಸಿರು ಹೋದಮೇಲೆ ಕೊಲಾಪ್ ಅಕ್ಕ ಚಾಪೆ ಬಿಟ್ಟು ಎದ್ದಿಲ್ಲ. ಸಂಜೆ ಅಮ್ಮ ಎಂದಿನಂತೆ ಮುಲಾಮು ಹಚ್ಚಿ, ಚಮಚದ ಅಂಚಿನಿಂದ ಅವಳ ಬೆನ್ನು ಕೆಂಪಾಗುವಂತೆ ಗೀರುತ್ತಿದ್ದಳು. "ಮೈಗೆ ಗಾಳಿ ಹೊಕ್ಕಿದೆ, ಗೀರಿದ್ರೆ ಹೊರಬೀಳುತ್ತೆ" ಎಂದಳು.

"ಗಾಳಿ ಅಲ್ಲಮ್ಮ. ನಾಲ್ಕು ಕಾರಣ ಇವೆ, ಸಂಶೋಧನೆ ಆಗಿದೆ."

"ಆಗಿರ್ಲಿ ಪಂಡಿತೆ. ನಿನ್ನ ಸಂಶೋಧನೆ ಒಂದು ದಿನವಾದ್ರೂ ಇವಳ ಪಕ್ಕ ಕೂತಿತ್ತಾ?" ಚಮಚ ನನ್ನ ಕೈಗಿಟ್ಟು ಅಮ್ಮ ಮೀನು ಹುರಿಯಲು ಹೋದಳು.

ನನಗೆ ಗೀರಲು ಬಾರದು. ಚಮಚ ಒತ್ತಿ ಎಳೆದೆ.

"ಮೆಲ್ಲಗೆ ಕಣೆ," ಅಕ್ಕ ಗೋಡೆಗೆ ಮುಖ ಮಾಡಿಯೇ ಹೇಳಿದಳು. "ಎದೆಯ ನೀರು ಇಳಿದುಹೋಗಿದೆ."

ಖಿನ್ನತೆಗೆ ನಮ್ಮ ಖ್ಮೇರ್ ಭಾಷೆಯಲ್ಲಿರುವ ಹೆಸರೇ ಅದು. ವಾರವಿಡೀ ಪಾಠದ ತಲೆಬರಹದಲ್ಲಿ ಓದಿದ್ದೆ. ಅವಳ ಬಾಯಿಂದ ಕೇಳಿದ್ದು ಇಂದೇ.

"ನೀರು ಮತ್ತೆ ಏರೋದು ಹೇಗೆ ಅಂತ ನಿನ್ನ ಪುಸ್ತಕದಲ್ಲಿದ್ಯಾ?"

"ಅದು ಮುಂದಿನ ಪಾಠ ಅಕ್ಕ. ಈ ಪರೀಕ್ಷೆಗಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಈಗ ಆ ಪಾಠ ತೆರೆದು ಕೂತಿದ್ದೇನೆ. ಬೇಡವೆಂದು ನಾನೇ ಪೆನ್ಸಿಲಿನಿಂದ ಅಡ್ಡಗೀಟು ಎಳೆದಿದ್ದ ಪುಟಗಳು. ಮೊದಲು ಈ ಗೀಟುಗಳನ್ನು ಅಳಿಸಬೇಕು.