ಇರಾವತಿಯ ಮನೆಗೆ ಬಂದ ಹಸಿಯುಸಿರು

ನೇಕಾರ ಓಣಿ, ಗದಗ-ಬೆಟಗೇರಿ
ಫೆಬ್ರವರಿ 31, 2294

ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಬಾಳುತ್ತಿರುವ ಎಲ್ಲರಿಗೂ ಬಸಲಿಂಗವ್ವ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬೇಸಿಗೆಯನ್ನು ಮುಂದೆ ತಳ್ಳೋಣವೆಂದು ನಮ್ಮ ಹಿರಿಯರು ಫೆಬ್ರವರಿಯನ್ನು ಎಳೆದು ಉದ್ದ ಮಾಡಿದರು. ಸೆಕೆ ಮಾತ್ರ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬಂದಾವು, ಕ್ಷಮೆಯಿರಲಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಆದರೆ ಒಂದು ವಿಷಯವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ನಾನು ಈ ಪತ್ರ ಬರೆಯುತ್ತಿರುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ನಿಮ್ಮ ಕಾಲದ ಕಥೆಯನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ. ಹೊಸ ಆಪರೇಟಿಂಗ್ ಸಿಸ್ಟಂ ಒಂದು ಬಿಡುಗಡೆಯಾಗುವ ಮೊದಲೇ ಅದರ ಬೀಟಾ ಆವೃತ್ತಿಯನ್ನು ಬೇಕೆಂದವರೆಲ್ಲ ಬೆರಳೊತ್ತಿ ಇಳಿಸಿಕೊಳ್ಳುತ್ತಿದ್ದಿರಂತೆ. ಫೋನು ಬಿಸಿಯಾದರೆ ಬೈಯುವುದು, ಬ್ಯಾಟರಿ ನಿಲ್ಲದಿದ್ದರೆ ಬೈಯುವುದು, ಸಾಕೆನಿಸಿದರೆ ಹಳೆಯದಕ್ಕೇ ಮರಳಿ ಕಾಲು ಚಾಚಿ ಮಲಗುವುದು. ಎಂಥ ಪುಣ್ಯವಂತರಪ್ಪ ನೀವು! ಆ ಪಾಠ ಕೇಳಿದಾಗ ಉಳಿದ ಮಕ್ಕಳು ನಕ್ಕರು, ನನಗೆ ಮಾತ್ರ ಆಗಲೇ ಹೊಟ್ಟೆ ಉರಿದಿತ್ತು.

ನಮ್ಮಲ್ಲಿ ಅದೆಲ್ಲ ನಡೆಯುವುದಿಲ್ಲ. ನೀವು ಆಪರೇಟಿಂಗ್ ಸಿಸ್ಟಂ ಎನ್ನುವುದನ್ನು ನಾವು ಮನೆಯುಸಿರು ಎನ್ನುತ್ತೇವೆ. ಅದು ಫೋನಿನಲ್ಲಿ ಇರುವುದಲ್ಲ, ಗೋಡೆಯಲ್ಲಿ ಇರುವುದು. ನಲ್ಲಿ, ಒಲೆ, ದೀಪ, ಬಾಗಿಲು ಎಲ್ಲವೂ ಅದರ ಕೈಯಲ್ಲಿ. ಮನೆಯವರು ಬಾಯಿಬಿಟ್ಟು ಹೇಳಬೇಕು, ಅದು ಕೇಳಿ ನಡೆಸಬೇಕು. ಇಂಥದ್ದರಲ್ಲಿ ತಪ್ಪಿದ್ದರೆ ಓಣಿಗೆ ಓಣಿಯೇ ನೀರಿನಲ್ಲಿ ನಿಲ್ಲುತ್ತದೆ. ಹಿಂದೆ ಹಾಗೆ ಆದದ್ದೂ ಉಂಟು. ಆದ್ದರಿಂದ ಹೊಸ ಉಸಿರು ಮಾಗುವ ಮೊದಲು ಓಣಿಗೊಂದೇ ಮನೆಯಲ್ಲಿ ಅದನ್ನು ಬಿಟ್ಟು ನೋಡುತ್ತಾರೆ. ಅದು ಹಸಿಯುಸಿರು, ಅದಿರುವ ಮನೆ ಹಸಿಮನೆ. ಹಸಿಮನೆಯವರು ದಿನವೂ ಬೆಳಿಗ್ಗೆ ಓಣಿಯ ಕಟ್ಟೆಯ ಮೇಲೆ ನಿಂತು, ಎಲ್ಲರೂ ಕೇಳುವಂತೆ ದೂರು ಹೇಳಬೇಕು. ಅದನ್ನು ಕೇಳಿ ನೇಕಾರರು ಉಸಿರನ್ನು ತಿದ್ದುತ್ತಾರೆ. ನಮ್ಮೂರಲ್ಲಿ ಸೀರೆಯ ಮಗ್ಗಗಳು ನಿಂತು ಬಹುಕಾಲವಾದರೂ ಆ ಹೆಸರು ಬಿಟ್ಟುಹೋಗಲಿಲ್ಲ. ಉಸಿರು ಹೆಣೆಯುವವರೂ ನಮಗೆ ನೇಕಾರರೇ. ಹಸಿಮನೆಯವರಲ್ಲದೆ ಬೇರೆ ಯಾರೂ ಕಟ್ಟೆ ಹತ್ತುವಂತಿಲ್ಲ. ಯಾರು ಹಸಿಮನೆಯವರು ಎನ್ನುವುದಕ್ಕೆ ಗುರುತು ಇಷ್ಟೇ: ಆ ಮನೆಯನ್ನು ತನ್ನ ಬಾಯಿಯಿಂದಲೇ ನೀರು ಕೇಳಿ, ಕುಡಿದಿರಬೇಕು.

ದೂರು ಹೇಳುವ ಕೆಲಸಕ್ಕೆ ಈ ಓಣಿಯಲ್ಲಿ ನನಗಿಂತ ಲಾಯಕ್ಕಾದವರು ಯಾರಿದ್ದಾರೆ, ಹೇಳಿ. ಉಪ್ಪು ಕಡಿಮೆಯಾದರೆ ಮೂರು ಮನೆಯಾಚೆಗೂ ನನ್ನ ದನಿ ಕೇಳುತ್ತದೆ. ಆದರೂ ಈ ಸಲ ಹಸಿಮನೆಯ ಹಸಿರು ದೀಪ ಹತ್ತಿದ್ದು ಎದುರುಮನೆಯ ಇರಾವತಿ ಸಂಶಿಯ ಬಾಗಿಲಿಗೆ. ಬಿಸಿ ಅನ್ನ ನಾಲಿಗೆ ಸುಟ್ಟರೂ ಚೆನ್ನಾಗಿದೆ ಎನ್ನುವ ಹೆಂಗಸು ಆಕೆ! ಅಂದಿನಿಂದ ಓಣಿಯವರಿಗೆಲ್ಲ ಮನೆಯಲ್ಲಿ ಹೆಪ್ಪು ತೀರಿಹೋಗತೊಡಗಿತು. ಒಂದು ಬಟ್ಟಲು ಹಿಡಿದು ಆಕೆಯ ಮನೆಗೆ ಹೋಗುವುದು, ಮೊಸರಿನ ನೆಪದಲ್ಲಿ ಹಸಿಯುಸಿರು ನೋಡಿ ಬರುವುದು. ನಾನು ಹೋಗಲಿಲ್ಲ. ನಮ್ಮ ಮನೆಯಲ್ಲಿ ಹೆಪ್ಪು ಬೇಕಾದಷ್ಟಿತ್ತು.

ಹೋದವರು ನನ್ನ ಯಜಮಾನರು ಕೊಟ್ರಪ್ಪನವರು. ಆರು ವರ್ಷದ ಹಿಂದೆ ಲಕ್ವಾ ಹೊಡೆದು ಅವರ ನಾಲಿಗೆ ಭಾರವಾಗಿದೆ. ಓಡಾಡುತ್ತಾರೆ, ಕೈಯೂ ಒಂದು ಮಟ್ಟಕ್ಕೆ ಸರಿಯಾಗಿದೆ, ಮಾತು ಮಾತ್ರ ಮುದ್ದೆಯಾಗಿ ಬರುತ್ತದೆ. ನಮ್ಮ ಹಳೆಯ ಮನೆಯುಸಿರಿಗೆ ಅದು ತಿಳಿಯುತ್ತಿರಲಿಲ್ಲ. ‘ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ’ ಎಂದು ಅದು ಕೇಳಿ ಕೇಳಿ, ಕಡೆಗೆ ಅವರೇ ಮನೆಯೊಂದಿಗೆ ಮಾತು ಬಿಟ್ಟರು. ದೀಪ ಬೇಕೆಂದರೆ ನನಗೆ ಹೇಳಬೇಕು, ನಾನು ಮನೆಗೆ ಹೇಳಬೇಕು. ಅವರ ಮಾತು ಲೋಕಕ್ಕೆಲ್ಲ ಗೊಣಗಾಟ, ನನಗೊಬ್ಬಳಿಗೆ ಮಾತು. ನನಗೇಕೆ ಹಸಿಮನೆ ಬೇಕಿತ್ತು ಎನ್ನುವುದು ಈಗ ತಿಳಿಯಿತೆ? ಹೊಸ ಉಸಿರು ಎಂಥ ತೊದಲು ಮಾತನ್ನೂ ಹಿಡಿಯುತ್ತದೆ ಎಂದು ಸುದ್ದಿಯಿತ್ತು.

ಸುದ್ದಿ ನಿಜವೇ ಆಗಿತ್ತು. ಕೊಟ್ರಪ್ಪನವರು ಇರಾವತಿಯ ಪಡಸಾಲೆಯಲ್ಲಿ ಕುಳಿತು, ಯಾವುದೋ ಧೈರ್ಯದಿಂದ ನೀರು ಎಂದರಂತೆ. ನಲ್ಲಿ ಸುರಿಯಿತಂತೆ. ತಂಬಿಗೆ ತುಂಬಿಸಿ ಕುಡಿದು, ದೀಪ ಎಂದರಂತೆ, ಹತ್ತಿತಂತೆ. ಓಡಿಬಂದು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. ಮರುದಿನ ಮತ್ತೆ ಹೋದರು. ಅದರ ಮರುದಿನವೂ. ಬೆಳಗಿನ ಉಪ್ಪಿಟ್ಟು ಮುಗಿದದ್ದೇ ತಡ, ತಲೆ ಬಾಚಿಕೊಂಡು ಎದುರುಮನೆಗೆ! ಗಂಡ ಇನ್ನೊಬ್ಬಳನ್ನು ನೋಡಲು ಹೋಗಿದ್ದರೆ ಹೋಗಿ ಆಕೆಯ ಜುಟ್ಟು ಹಿಡಿಯಬಹುದಿತ್ತು. ಗೋಡೆಯ ಜುಟ್ಟು ಹೇಗೆ ಹಿಡಿಯುವುದು? ಅಲ್ಲಿಂದ ಅವರ ನಗು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಮೈಯೆಲ್ಲ ಉರಿ. ಆರು ವರ್ಷ ಅವರ ನಾಲಿಗೆಯಾಗಿದ್ದವಳು ನಾನು; ನಿನ್ನೆ ಮೊನ್ನೆ ಬಂದ ಆ ಹಸಿಯುಸಿರಿಗೇನು ಹಕ್ಕು?

ಹೀಗಿರುವಾಗ ಒಂದು ಬೆಳಿಗ್ಗೆ ಇರಾವತಿ ಕಟ್ಟೆ ಹತ್ತಿ, ಎಂದೂ ಇಲ್ಲದ ದೂರು ಹೇಳಿದಳು. “ಅಯ್ಯ, ಏನ್ ಹೇಳ್ಲಿ ನಮ್ಮ ಮನಿ ಕಥಿ! ನಮ್ಮನಿಯವರು ಮಧ್ಯಾಹ್ನ ನಿದ್ದಿಯೊಳಗ ಏನರ ಬಡಬಡಿಸಿದ್ರ ಒಲಿ ಹತ್ತತೈತಿ, ಬಾಗಲಾ ತೆರಿತೈತಿ. ನಿನ್ನಿ ಆಕಳಾ ಒಳಗ ಬಂದು ರೊಟ್ಟಿ ಎಲ್ಲಾ ತಿಂದು ಹೋತು. ಗೊಣಗೋದೆಲ್ಲಾ ಕೇಳೋದ ಬ್ಯಾಡ್ರಿ ಇದು. ನೆಟ್ಟಗ ಮಾತಾಡಿದ್ದಷ್ಟ ಕೇಳ್ಲಿ.” ಓಣಿಯವರು ಬಿದ್ದು ಬಿದ್ದು ನಕ್ಕರು. ದೂರು ಕೇಳಲು ಬಂದಿದ್ದ ನೇಕಾರ್ತಿ ಆಗಲಿ ಎಂದು ತಲೆಯಾಡಿಸಿದಳು. ಒಂದು ದೂರು ಒಪ್ಪಿಗೆಯಾದರೆ ಅದು ಮಾಗಿದ ಉಸಿರಿಗೂ ಅನ್ವಯ, ಎಲ್ಲ ಊರಿಗೂ ಅನ್ವಯ. ನನ್ನ ಪಕ್ಕದಲ್ಲಿ ನಿಂತಿದ್ದ ಕೊಟ್ರಪ್ಪನವರ ಮುಖ ಬಿಳಿಚಿಕೊಂಡಿತು.

ಅವರು ಕಟ್ಟೆ ಹತ್ತಿದರು. ನೇಕಾರ್ತಿ ತಡೆಯಲು ಬಂದಳು. “ಇರ್ಲಿ ಬಿಡವ್ವಾ, ಅವರೂ ನಮ್ಮ ಮನಿ ನೀರು ಕೇಳಿ ಕುಡದಾರ, ಮಾತಾಡ್ಲಿ” ಎಂದವಳು ಇರಾವತಿಯೇ. ಆಕೆ ಒಳ್ಳೆಯವಳು ಎನ್ನುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಕಿಚ್ಚು. ಕೊಟ್ರಪ್ಪನವರು ಮಾತಾಡಿದರು. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ರೂಢಿಯಂತೆ ನನ್ನ ಕಡೆ ತಿರುಗಿದರು.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನು ಬಂತೆಂದು ಮುಚ್ಚಿಡುವುದಿಲ್ಲ. ಇರಾವತಿ ಹೇಳಿದ್ದು ಸರಿ ಎನ್ನುತ್ತಿದ್ದಾರೆ ಎಂದುಬಿಟ್ಟರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವರು ಮತ್ತೆ ನನ್ನೊಬ್ಬಳವರಾಗುತ್ತಿದ್ದರು. ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು, ಒಂದಿಷ್ಟೂ ಅನುಮಾನವಿಲ್ಲದೆ. ಹಾಳಾದ ನಂಬಿಕೆ! ಅವರು ಅಂದದ್ದನ್ನು ಅಂದಹಾಗೆಯೇ ಹೇಳಿದೆ: “ಇದು ದೋಷ ಅಲ್ರಿ. ಆರು ವರ್ಷದ ಮ್ಯಾಲ ನಾ ಬೇಡಿದ ನೀರು ನನಗ ಸಿಕ್ಕೈತಿ. ಕಸಗೋಬ್ಯಾಡ್ರಿ.”

ಇರಾವತಿ ಬಾಯಿಗೆ ಸೆರಗು ಹಿಡಿದಳು. “ಅಯ್ಯ ನನ ಶಿವನ, ಮೊದಲ ಹೇಳಬಾರದೇನ ಬಸಲಿಂಗವ್ವಾ!” ಎಂದು ನನ್ನನ್ನೇ ಗದರಿಸಿ, ನೇಕಾರ್ತಿಯೆದುರು ತನ್ನ ದೂರನ್ನು ಬದಲಿಸಿದಳು: ಮಲಗಿದವರ ಮಾತು ಕೇಳಬೇಡ, ಎಚ್ಚರವಿದ್ದವರದು ಹೇಗಿದ್ದರೂ ಕೇಳು. ಹಾಗೆಯೇ ತಿದ್ದಿದರು. ಇಂದು ಬೆಳಿಗ್ಗೆ ಮಾಗಿದ ಉಸಿರು ಎಲ್ಲ ಮನೆಗಳಿಗೂ ಬಂತು, ನಮ್ಮ ಮನೆಗೂ.

ಎದ್ದಾಗಿನಿಂದ ಕೊಟ್ರಪ್ಪನವರು ಮನೆಯೊಂದಿಗೆ ಹರಟುತ್ತಿದ್ದಾರೆ. ದೀಪ ಹತ್ತಿಸುವುದು, ಆರಿಸುವುದು, ಬಾಗಿಲು ತೆರೆಸುವುದು, ಮುಚ್ಚಿಸುವುದು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಈ ಮನೆಯಲ್ಲಿ ನನಗೇನು ಕೆಲಸವೆಂದು ಮುಖ ಊದಿಸಿಕೊಂಡು ಮೂಲೆಗೆ ಕುಳಿತು, ನಿಮಗೆ ನಾಲ್ಕು ಬೈಗುಳ ಬರೆಯೋಣವೆಂದು ಈ ಪತ್ರ ಹಿಡಿದೆ.

ಬೀಟಾ ಆವೃತ್ತಿ ಹಾಕಿಕೊಂಡು ಆಟವಾಡುವ ಭಾಗ್ಯವಂತರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಬೈಯಿರಿ, ಧಾರಾಳವಾಗಿ ಬೈಯಿರಿ, ಅದು ನಿಮ್ಮ ಹಕ್ಕು. ಆದರೆ ಇದು ದೋಷ, ಇದನ್ನು ಕಿತ್ತುಹಾಕಿ ಎಂದು ಬರೆದು ಕಳಿಸುವ ಮುನ್ನ, ಅದರಿಂದ ಯಾರಾದರೂ ನೀರು ಕುಡಿಯುತ್ತಿದ್ದಾರೆಯೇ ಎಂದು ಒಮ್ಮೆ ಅಕ್ಕಪಕ್ಕ ವಿಚಾರಿಸಿ. ಅಂಥವರು ಕಟ್ಟೆ ಹತ್ತಲಾರರು. ನಿಮ್ಮ ದೂರು ಮಾತ್ರ ದೂರದವರೆಗೆ ಹೋಗುತ್ತದೆ, ನೋಡಿ, ನನ್ನವರೆಗೂ ಬಂದಿದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಡುಗೆಮನೆಯಿಂದ ಅವರ ದನಿ ಬರುತ್ತಿದೆ. ‘ಬಸಲಿಗೆ ಚಹಾ ಮಾಡು’ ಎಂದು ಒಲೆಗೆ ಹೇಳುತ್ತಿದ್ದಾರೆ. ಆರು ವರ್ಷದಲ್ಲಿ ಅವರು ನನಗೊಂದು ಲೋಟ ಚಹಾ ಮಾಡಿಕೊಟ್ಟಿರಲಿಲ್ಲ, ಪಾಪ, ಒಲೆ ಅವರ ಮಾತು ಕೇಳುತ್ತಿರಲಿಲ್ಲ. ಲೋಟ ಈಗ ನನ್ನ ಮುಂದೆ ಬಂದಿದೆ, ಅವರು ಎದುರು ಕುಳಿತು ನನ್ನ ಮುಖ ನೋಡುತ್ತಿದ್ದಾರೆ. ಸಕ್ಕರೆ ಕಡಿಮೆಯಾಗಿದೆ ಎಂದು ಮೂರು ಮನೆಯಾಚೆಗೂ ಕೇಳುವಂತೆ ದೂರಿದೆ. ಇರಾವತಿಗೂ ಕೇಳಿಸಿರಬೇಕು. ಕೇಳಲಿ.

ಇಂತಿ,
ಬಸಲಿಂಗವ್ವ